ಸೋತವರಿಗೆ ಹಾಕಿದ ಓಟು ಎಲ್ಲಿಗೆ ಹೋಯ್ತು?

ತಿಪಟೂರು ಮಾರುಕಟ್ಟೆಗೆ ಎರಡು ಲಾಟು ಕೊಬ್ಬರಿ ಬಂದಿದೆ ಅಂದ್ಕೊಳ್ಳಿ. ತೂಕ ಒಂಚೂರು ಹೆಚ್ಚಿರೋ ಲಾಟಿಗೆ ಪೂರ್ತಿ ದುಡ್ಡು, ಇನ್ನೊಂದಕ್ಕೆ ಸೊನ್ನೆ. ಯಾವ ರೈತ ಒಪ್ತಾನೆ? ಓಟಿನ ವಿಷಯದಲ್ಲಿ ಮಾತ್ರ ನಾವೆಲ್ಲ ಒಪ್ಕೊಂಡಿದೀವಿ.

2019ರ ಲೋಕಸಭಾ ಚುನಾವಣೆ ನೆನಪಿಸಿಕೊಳ್ಳಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತುಮಕೂರು ಕ್ಷೇತ್ರಕ್ಕೇ ಸೇರಿವೆ. ಬಿಜೆಪಿಯ ಜಿ.ಎಸ್. ಬಸವರಾಜು ಅವರಿಗೆ 5,96,127 ಮತ, ಎಚ್.ಡಿ. ದೇವೇಗೌಡರಿಗೆ 5,82,788. ಅಂತರ 13,339. ಸೋತ ಕಡೆಯ ಐದು ಮುಕ್ಕಾಲು ಲಕ್ಷಕ್ಕೂ ಹೆಚ್ಚು ಓಟಿಗೆ ದೆಹಲಿಯಲ್ಲಿ ಬೆಲೆಯೇ ಸಿಗಲಿಲ್ಲ.

ನಾನು ಬಿ.ಕಾಂ. ಓದಿದವನು, ಲೆಕ್ಕ ತಾಳೆಯಾಗದಿದ್ರೆ ನಿದ್ದೆ ಬರಲ್ಲ. ಆ ವರ್ಷ ರಾಜ್ಯದಲ್ಲಿ ಬಿಜೆಪಿಗೆ ಸುಮಾರು ಶೇ 51 ಮತ, 28ರಲ್ಲಿ 25 ಸೀಟು. ಕಾಂಗ್ರೆಸ್–ಜೆಡಿಎಸ್ ಮೈತ್ರಿಗೆ ಸುಮಾರು ಶೇ 41, ಸೀಟು ಎರಡೇ. ಮತಕ್ಕೆ ತಕ್ಕಷ್ಟು ಸೀಟು ಕೊಡುವ ಅನುಪಾತ ಪ್ರಾತಿನಿಧ್ಯ ಇದ್ದಿದ್ರೆ ಮೈತ್ರಿಗೆ ಹನ್ನೊಂದು, ಹನ್ನೆರಡು ಬರ್ತಿತ್ತು. 2018ರ ವಿಧಾನಸಭೆಯಲ್ಲಿ ಪೆಟ್ಟು ಬೇರೆಯವರಿಗೇನಲ್ಲ: ಬಿಜೆಪಿಗಿಂತ ಹೆಚ್ಚು ಮತ ಪಡೆದ ಕಾಂಗ್ರೆಸ್‌ಗೆ ಸೀಟು ಕಡಿಮೆ.

ಇದು ಹೊಸ ತಕರಾರಲ್ಲ. 1949ರ ಜನವರಿ 4ರಂದು ಸಂವಿಧಾನ ಸಭೆಯಲ್ಲಿ ಖಾಜಿ ಸೈಯದ್ ಕರೀಮುದ್ದೀನ್ ಈ ಪದ್ಧತಿಗಾಗಿ ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ. ಓದು ಬಾರದವರೇ ಹೆಚ್ಚಿರುವ ದೇಶಕ್ಕೆ ಇದು ತೊಡಕು, ಸರ್ಕಾರವೂ ಸ್ಥಿರವಾಗಿ ನಿಲ್ಲೋದಿಲ್ಲ ಅನ್ನೋದು ಅವರ ವಾದ. ತಿದ್ದುಪಡಿ ಬಿದ್ದುಹೋಯ್ತು.

ತಮಾಷೆ ನೋಡಿ, ಅದೇ ಪದ್ಧತಿ ರಾಜ್ಯಸಭೆಗೆ ಉಳೀತು. ಅಲ್ಲಿ ಓಟು ಹಾಕೋರು ಶಾಸಕರು. 2020ರಲ್ಲಿ ಕರ್ನಾಟಕದ ನಾಲ್ಕು ಸ್ಥಾನಕ್ಕೆ, ಒಂದಕ್ಕೆ 45 ಮತ ಸಾಕಿತ್ತು. ಹಾಗಾಗಿ ದೊಡ್ಡ ಪಕ್ಷ ನಾಲ್ಕನ್ನೂ ಬಾಚಿಕೊಳ್ಳೋಕೆ ಆಗಲಿಲ್ಲ. ಕಾಂಗ್ರೆಸ್ ಬೆಂಬಲದಿಂದ ಅವಿರೋಧವಾಗಿ ಆಯ್ಕೆಯಾದವರಲ್ಲಿ ಒಬ್ಬರು, ತುಮಕೂರಲ್ಲಿ ಸೋತ ದೇವೇಗೌಡರೇ!

ಸರಿ, ಸೀಟನ್ನೆಲ್ಲ ಪಕ್ಷದ ಪಟ್ಟಿಯಿಂದಲೇ ತುಂಬಿದ್ರೆ, ಕೊಬ್ಬರಿ ಬೆಲೆ ಬಿದ್ದಾಗ ನಾವು ಯಾರ ಮನೆ ಬಾಗಿಲು ತಟ್ಟಬೇಕು? ಪ್ರಶ್ನೆ ನ್ಯಾಯವಾದದ್ದೇ. ನ್ಯೂಜಿಲೆಂಡ್ 1996ರಿಂದ ಎರಡನ್ನೂ ಇಟ್ಕೊಂಡಿದೆ: ಒಂದು ಓಟು ಕ್ಷೇತ್ರದ ಸಂಸದರಿಗೆ, ಇನ್ನೊಂದು ಪಕ್ಷಕ್ಕೆ. ನಮ್ಮ ಕಾನೂನು ಆಯೋಗ ಕೂಡ 1999ರಲ್ಲಿ ಇಂಥದ್ದೇ ಮಿಶ್ರ ದಾರಿ ಸೂಚಿಸಿತ್ತು.

ಶಾಸಕರ ಓಟನ್ನ ಇಷ್ಟು ಜೋಪಾನವಾಗಿ ಎಣಿಸೋಕೆ ಬರುತ್ತೆ ಅಂದ್ರೆ, ತೋಟದಿಂದ ಬಂದು ಸಾಲಲ್ಲಿ ನಿಂತೋರ ಓಟು ಏನು ಪಾಪ ಮಾಡಿದೆ? ಮುಂದಿನ ಸಲ ಓಟು ಕೇಳೋಕೆ ಬಂದೋರನ್ನ ಇದೊಂದು ಕೇಳಿ ನೋಡಿ.