ಕಡಿಮೆ ಖರ್ಚಿನಲ್ಲಿ ಕೇಳುವ ಬಗೆ: ಹುಣಸೂರು ಸೀಮೆಯ ಶ್ರವಣದ ಇತಿಹಾಸ

ರೇಡಿಯೊದ ಇತಿಹಾಸದಲ್ಲಿ ಹೆಡ್‌ಫೋನ್ ಹಣವಿಲ್ಲದವರ ಸಾಧನವಾಗಿಯೇ ಮನೆಗಳನ್ನು ಹೊಕ್ಕಿತು. 1920ರ ದಶಕದಲ್ಲಿ ಯುರೋಪು, ಅಮೆರಿಕಗಳ ಶಾಲಾ ಹುಡುಗರು ತಾವೇ ಜೋಡಿಸಿಕೊಳ್ಳುತ್ತಿದ್ದ ಕ್ರಿಸ್ಟಲ್ ಸೆಟ್ಟಿನಲ್ಲಿ, ಅಂದರೆ ಗೆಲೀನವೆಂಬ ಸೀಸದ ಅದಿರಿನ ಹರಳಿಗೆ ತೆಳುವಾದ ತಂತಿಯ ಮೊನೆ ತಾಕಿಸಿ ರೇಡಿಯೊ ತರಂಗದಿಂದ ದನಿಯನ್ನು ಬೇರ್ಪಡಿಸುವ ಸರಳ ಗ್ರಾಹಕದಲ್ಲಿ, ಬ್ಯಾಟರಿಯೂ ಇರಲಿಲ್ಲ, ದನಿಯನ್ನು ಹಿಗ್ಗಿಸುವ ವಾಲ್ವೂ ಇರಲಿಲ್ಲ. ಏರಿಯಲ್ ತಂತಿ ಹಿಡಿದ ಅತ್ಯಲ್ಪ ಶಕ್ತಿಯೊಂದರಿಂದಲೇ ಕೆಲಸ ನಡೆಯಬೇಕಾಗಿದ್ದುದರಿಂದ, ಅದನ್ನು ಕೋಣೆಯ ಗಾಳಿಗೆ ಚೆಲ್ಲದೆ ನೇರವಾಗಿ ಕಿವಿಗೆ ಒಪ್ಪಿಸುವ ಹೆಡ್‌ಫೋನ್ ಅನಿವಾರ್ಯವಾಯಿತು. ಧ್ವನಿವರ್ಧಕವು ಉಳ್ಳವರ ನಡುಮನೆಗೆ ಬಂದುದು ಅನಂತರ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಈ ಕ್ರಮ ತಲೆಕೆಳಗಾಯಿತು. ಇಲ್ಲಿ ಮೊದಲು ಬಂದುದು ಊರಿಗೆಲ್ಲ ಒಂದೇ ಪೆಟ್ಟಿಗೆ. ಕಿವಿಗೊಂದು ಇಯರ್‌ಫೋನ್ ಬರಲು ದಶಕಗಳೇ ಹಿಡಿದವು.

ಹತ್ತಿರದಲ್ಲಿ ಬಾನುಲಿ ಕೇಂದ್ರ ಇಲ್ಲದಿದ್ದುದು ಇದಕ್ಕೆ ಕಾರಣವಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿಯೇ ಮೈಸೂರಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ 30 ವ್ಯಾಟ್ ಶಕ್ತಿಯ ಪ್ರಸಾರಯಂತ್ರದ ಮೂಲಕ ಕಾರ್ಯಕ್ರಮಗಳನ್ನು ಬಿತ್ತರಿಸತೊಡಗಿದ್ದರು. ‘ಆಕಾಶವಾಣಿ’ ಎಂಬ ಆ ಕೇಂದ್ರದ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾಯಿತು. ಮೇಷ್ಟ್ರೊಬ್ಬರು ತಮ್ಮ ಮನೆಯನ್ನೇ ಸಾರ್ವಜನಿಕರ ಕಿವಿಗಾಗಿ ತೆರೆದಿಟ್ಟ ಈ ಸಾಹಸಕ್ಕೆ ಕರ್ನಾಟಕದ ಸಾಂಸ್ಕೃತಿಕ ಚರಿತ್ರೆಯಲ್ಲಿ ಈಗ ಸಿಕ್ಕಿರುವುದಕ್ಕಿಂತ ದೊಡ್ಡ ಸ್ಥಾನ ಸಲ್ಲಬೇಕು. ಆದರೆ 30 ವ್ಯಾಟ್ ಎಂದರೆ ಒಂದು ಸಣ್ಣ ವಿದ್ಯುತ್ ದೀಪ ಬಳಸುವಷ್ಟು ಶಕ್ತಿ. ಬ್ಯಾಟರಿಯಿಲ್ಲದ ಕ್ರಿಸ್ಟಲ್ ಸೆಟ್ಟಿಗೆ ಪ್ರಬಲವಾದ ಕೇಂದ್ರವೊಂದು ಹತ್ತಿರದಲ್ಲೇ ಇರಬೇಕಾಗುತ್ತದೆ. ಮೈಸೂರಿನಿಂದ ಸುಮಾರು 45 ಕಿಲೋಮೀಟರ್ ದೂರದ ಹುಣಸೂರಿನಲ್ಲಾಗಲಿ, ಕಾಡಂಚಿನ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಾಗಲಿ ಇಂಥ ಕೇಂದ್ರವನ್ನು ಹರಳು ಮತ್ತು ತಂತಿಯಿಂದ ಹಿಡಿಯುವುದು ಸಾಧ್ಯವಿದ್ದ ಮಾತಲ್ಲ. ಅನಂತರ ಸರ್ಕಾರದ ಆಡಳಿತಕ್ಕೆ ಸೇರಿದ ಕೇಂದ್ರವು 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಮೈಸೂರಿಗೆ ಆಕಾಶವಾಣಿ ಮರಳಿದ್ದು 1974ರಲ್ಲಿ.

ದೂರದ ಕೇಂದ್ರ ಕೇಳಬೇಕೆಂದರೆ ವಾಲ್ವ್ ರೇಡಿಯೊ ಬೇಕಾಗಿತ್ತು. ವಿದ್ಯುತ್ತಿಲ್ಲದ ಹಳ್ಳಿಯಲ್ಲಿ ಅದಕ್ಕೆ ದುಬಾರಿಯಾದ ದೊಡ್ಡ ಡ್ರೈ ಬ್ಯಾಟರಿ ಕಟ್ಟಬೇಕಿತ್ತು, ಮೇಲೆ ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಲೈಸೆನ್ಸ್ ಶುಲ್ಕ ತೆರಬೇಕಿತ್ತು. ಆದ್ದರಿಂದ 1950ರ ದಶಕದಲ್ಲಿ ದೇಶದಾದ್ಯಂತ ಹಳ್ಳಿಗಳಿಗೆ ಸರ್ಕಾರದ ನೆರವಿನಿಂದ ಹಂಚಿಕೆಯಾದ ಸಮುದಾಯ ರೇಡಿಯೊ ಪೆಟ್ಟಿಗೆ, ಪಂಚಾಯ್ತಿ ಕಟ್ಟಡದ ಧ್ವನಿವರ್ಧಕ ಮತ್ತು ಚಹಾ ಹೋಟೆಲಿನ ರೇಡಿಯೊ ಇವೇ ಬಹುಪಾಲು ಜನರ ಶ್ರವಣಸಾಧನಗಳಾದವು. ಏನನ್ನು ಕೇಳಬೇಕೆಂಬ ಆಯ್ಕೆ ಅಲ್ಲಿ ಕೇಳುಗನದಾಗಿರಲಿಲ್ಲ, ಪೆಟ್ಟಿಗೆಯ ಗುಂಡಿ ತಿರುಗಿಸುವವನದಾಗಿತ್ತು.

ಟ್ರಾನ್ಸಿಸ್ಟರ್ ಈ ಏರ್ಪಾಡನ್ನು ಮುರಿಯಿತು. 1954ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ರೀಜೆನ್ಸಿ ಟಿಆರ್-1 ರೇಡಿಯೊದಿಂದ ಮೊದಲಾದ ಈ ಬಗೆಯ ಪೆಟ್ಟಿಗೆಗಳು 1960ರ ದಶಕದಲ್ಲಿ ಭಾರತದ ಹಳ್ಳಿಗಳಿಗೂ ಹಬ್ಬಿ, ಟಾರ್ಚಿನ ಸೆಲ್ಲಿನಲ್ಲೇ ಹಾಡತೊಡಗಿದವು. ಹೊಗೆಸೊಪ್ಪು ಬೆಳೆಯುವ ಹುಣಸೂರು, ಪಿರಿಯಾಪಟ್ಟಣಗಳಲ್ಲಿ, ಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಯ ಉರಿಯನ್ನು ಹಗಲೂ ರಾತ್ರಿ ಹದದಲ್ಲಿಟ್ಟು ಕಾಯುವ ಕೆಲಸಕ್ಕೆ ಅದಕ್ಕಿಂತ ಒಪ್ಪುವ ಸಂಗಾತಿ ಇರಲಾರದು. ಅನೇಕ ಟ್ರಾನ್ಸಿಸ್ಟರ್‌ಗಳ ಪಕ್ಕದಲ್ಲಿ ಒಂದು ಕಿರುತೂತಿರುತ್ತಿತ್ತು. ಒಂದೇ ಕಿವಿಗಿಡುವ ಇಯರ್‌ಫೋನನ್ನು ಅದಕ್ಕೆ ಸಿಕ್ಕಿಸಿದೊಡನೆ ಪೆಟ್ಟಿಗೆಯ ಸ್ಪೀಕರ್ ಮೌನವಾಗುತ್ತಿತ್ತು. ಒಂದೇ ಕೋಣೆಯಲ್ಲಿ ಮಲಗುವ, ಓದುವ, ಉಣ್ಣುವ ಕುಟುಂಬದ ವಿದ್ಯಾರ್ಥಿಗೆ ಇನ್ನೊಬ್ಬರನ್ನು ಕೆಣಕದೆ ತನಗೆ ಬೇಕಾದುದನ್ನು ಕೇಳುವ ಅವಕಾಶ ತೆರೆದುಕೊಂಡದ್ದು ಈ ಕಿರುತೂತಿನಿಂದಲೇ. ದನಿಯ ಗುಣ ತೀರ ಸಾಧಾರಣವಾಗಿದ್ದರೂ ಆ ಸ್ವಾತಂತ್ರ್ಯದ ಬೆಲೆ ಕಡಿಮೆಯದಲ್ಲ. ಗೃಹಬಳಕೆಯ ರೇಡಿಯೊಗಳ ಲೈಸೆನ್ಸ್ ಪದ್ಧತಿ 1980ರ ದಶಕದ ನಡುವೆ ಪೂರ್ತಿ ರದ್ದಾಯಿತು.

ಅಷ್ಟರಲ್ಲಿ ಕ್ಯಾಸೆಟ್ ಬಂದಿತ್ತು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಹೊರಬಂದು ಭಾವಗೀತೆಯನ್ನು ಮನೆಮನೆಗೆ ತಲುಪಿಸಿತು. ಮರುವರ್ಷ ಜಪಾನಿನಲ್ಲಿ ಸೋನಿ ಕಂಪನಿ ವಾಕ್‌ಮನ್ ಬಿಡುಗಡೆ ಮಾಡಿತು. ಹೆಡ್‌ಫೋನಿನ ತಾಂತ್ರಿಕ ಸ್ವರೂಪವೂ ಇದರೊಂದಿಗೆ ಬದಲಾಯಿತು. ವಿದ್ಯುತ್ ಸಂಕೇತದ ಹರಿವಿಗೆ ಉಪಕರಣವೊಡ್ಡುವ ಒಟ್ಟು ತಡೆಗೆ ಇಂಪೀಡೆನ್ಸ್ ಎನ್ನುತ್ತಾರೆ. ಅದರ ಅಳತೆ ಓಮ್. ಕ್ರಿಸ್ಟಲ್ ಸೆಟ್ಟಿನ ಹೆಡ್‌ಫೋನ್‌ಗಳಲ್ಲಿ ಅದು ಕೆಲವು ಸಾವಿರ ಓಮ್‌ಗಳಷ್ಟಿತ್ತು. ಎರಡು ಸಣ್ಣ ಸೆಲ್ಲುಗಳ 3 ವೋಲ್ಟ್‌ನಿಂದಲೇ ಸಾಕಷ್ಟು ದನಿ ಹೊರಡಬೇಕಾದಾಗ ಅದು ಕೆಲವೇ ಹತ್ತು ಓಮ್‌ಗಳಿಗೆ ಇಳಿಯಿತು. ಮೂಲ ಮತ್ತು ಹೆಡ್‌ಫೋನ್ ಒಂದಕ್ಕೊಂದು ಹೊಂದಬೇಕು, ಹೊಂದದಿದ್ದರೆ ಬೆಲೆಬಾಳುವ ಹೆಡ್‌ಫೋನೂ ಕ್ಷೀಣವಾಗಿ ಕೇಳುತ್ತದೆ ಎಂಬ ಸೂತ್ರ ಅಂದಿನಿಂದ ಇಂದಿನವರೆಗೆ ಬದಲಾಗಿಲ್ಲ.

ಇದೇ ಜಿಲ್ಲೆಯಲ್ಲಿ ಹೆಡ್‌ಫೋನಿಗೆ ಮತ್ತೊಂದು ಗಂಭೀರವಾದ ಚರಿತ್ರೆಯಿದೆ. 1960ರ ದಶಕದ ನಡುವೆ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅದು ಮನರಂಜನೆಯ ವಸ್ತುವಲ್ಲ, ಅಳತೆಯ ಉಪಕರಣ. ಆಡಿಯೊಮೀಟರ್ ಎಂಬ ಯಂತ್ರವು ನಿಗದಿತ ಕಂಪನದ ಸ್ವರಗಳನ್ನು ನಿಗದಿತ ಮಟ್ಟದಲ್ಲಿ ಹೆಡ್‌ಫೋನಿನ ಮೂಲಕ ಒಂದೊಂದೇ ಕಿವಿಗೆ ಕಳಿಸಿ, ಕೇಳಿಸುವ ಅತ್ಯಂತ ಕ್ಷೀಣ ದನಿ ಯಾವುದೆಂದು ಗುರುತಿಸುತ್ತದೆ. ಅಗ್ಗದ ಇಯರ್‌ಫೋನಿನಲ್ಲಿ ಬಸ್ಸಿನ ಸದ್ದನ್ನು ಮೀರಿಸಲೆಂದು ದನಿ ಏರಿಸುವ ವಿದ್ಯಾರ್ಥಿ ತಿಳಿದಿರಬೇಕಾದ ಮಿತಿಯೂ ಶ್ರವಣವಿಜ್ಞಾನದ್ದೇ: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಮೀರಬಾರದು, ಮಟ್ಟ ಏರಿದಂತೆ ಅವಧಿ ಬೇಗ ಕುಗ್ಗುತ್ತದೆ.

ಈ ಸೀಮೆಯಿಂದ ಮೈಸೂರಿನ ಕಾಲೇಜುಗಳಿಗೆ ಬಸ್ಸಿನಲ್ಲಿ ಓಡಾಡುವ, ಹಾಸ್ಟೆಲಿನ ಕೋಣೆ ಹಂಚಿಕೊಳ್ಳುವ ಇಂದಿನ ವಿದ್ಯಾರ್ಥಿಗೆ ಕೈಲಿರುವ ಮೊಬೈಲೇ ಮೂಲ. ಹಲವು ಫೋನುಗಳಲ್ಲಿ ಈಗ 3.5 ಮಿಲಿಮೀಟರ್ ತೂತು ಇಲ್ಲದಿರುವುದರಿಂದ, ಅಂಕಿಗಳ ರೂಪದ ಸಂಕೇತವನ್ನು ವಿದ್ಯುತ್ ಅಲೆಯಾಗಿ ಮಾರ್ಪಡಿಸುವ ಡ್ಯಾಕ್ ಎಂಬ ಚಿಪ್ಪನ್ನು ಹೊಟ್ಟೆಯಲ್ಲಿಟ್ಟುಕೊಂಡ ಡಾಂಗಲ್ ಎಂಬ ಬೆರಳುದ್ದದ ತುಂಡು ಬೇಕಾಗುತ್ತದೆ. ಅದರೊಂದಿಗೆ ಕಿವಿಯೊಳಗೆ ಕೂರುವ ತಂತಿಯ ಇಯರ್‌ಫೋನ್ ಸೇರಿದರೂ ಒಟ್ಟು ಖರ್ಚನ್ನು ಎರಡು ಸಾವಿರ ರೂಪಾಯಿಯೊಳಗೆ ಹಿಡಿಯಬಹುದು. ತಂತಿ ಬಿಚ್ಚಿ ಬದಲಿಸುವಂತಿದ್ದರೆ ಆಯಸ್ಸು ಹೆಚ್ಚು. ರಬ್ಬರಿನ ತುದಿ ಕಿವಿಗಾಲುವೆಯನ್ನು ಸರಿಯಾಗಿ ಮುಚ್ಚದಿದ್ದರೆ ಮೃದಂಗದ ಎಡಬದಿಯ ದನಿ ಸೋರಿಹೋಗುವುದರಿಂದ, ಬ್ರ್ಯಾಂಡಿಗಿಂತ ಮೊದಲು ಗಮನಿಸಬೇಕಾದುದು ತುದಿಯ ಅಳತೆಯನ್ನು.

ತಂತಿಯ ಇಯರ್‌ಫೋನಿಗೆ ಇಲ್ಲಿ ಇನ್ನೊಂದು ಉಪಯೋಗವೂ ಉಂಟು. ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿದ್ದ, ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಸರಗೂರಿನಿಂದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 2012ರಿಂದ ‘ಜನಧ್ವನಿ’ ಎಂಬ ಸಮುದಾಯ ಬಾನುಲಿಯನ್ನು 90.8 ಮೆಗಾಹರ್ಟ್ಸ್‌ನಲ್ಲಿ ನಡೆಸುತ್ತಿದೆ. ಇಂಥ ಕೇಂದ್ರಗಳ ಪ್ರಸಾರಶಕ್ತಿಗೆ ನಿಯಮವೇ ಸಾಮಾನ್ಯವಾಗಿ 100 ವ್ಯಾಟ್‌ನ ಮಿತಿ ಹಾಕುವುದರಿಂದ, ಗೋಪಾಲಸ್ವಾಮಿಯವರ ಕೇಂದ್ರದಂತೆ ಇದೂ ಅಲ್ಪಶಕ್ತಿಯ, ಸುತ್ತಲ ಜನರಿಗಾಗಿಯೇ ಇರುವ ಕೇಂದ್ರ. ಎಫ್‌ಎಂ ಗ್ರಾಹಕವುಳ್ಳ ಮೊಬೈಲುಗಳಲ್ಲಿ ಸಾಮಾನ್ಯವಾಗಿ ಏರಿಯಲ್ ಆಗಿ ಕೆಲಸ ಮಾಡುವುದು ಇಯರ್‌ಫೋನಿನ ತಂತಿಯೇ. ತಂತಿಯಿಲ್ಲದ ಬ್ಲೂಟೂತ್ ಇಯರ್‌ಬಡ್ ಎಷ್ಟೇ ದುಬಾರಿಯಾಗಿದ್ದರೂ ಈ ಕೆಲಸಕ್ಕೆ ಬಾರದು.