ಪೀಠಾರೋಹಣದಲ್ಲಿ ಜನಸಮ್ಮತಿ: ರೋಮಾಪುರವೂ ಮಲಪ್ರಭೆಯ ಸೀಮೆಯೂ

ಗುರುಪೀಠವೊಂದಕ್ಕೆ ಹೊಸಬರು ಬರುವಾಗ ಆ ಪೀಠವನ್ನು ನಂಬಿಕೊಂಡ ಜನರ ಪಾಲು ಅದರಲ್ಲಿ ಎಷ್ಟು ಎಂಬ ಪ್ರಶ್ನೆಯು ಎಲ್ಲ ಮತಗಳ ಇತಿಹಾಸದಲ್ಲಿಯೂ ಏಳುತ್ತದೆ. ಕ್ರಿ. ಶ. ೨೦೨೫ನೆಯ ಮೇ ೮ರಂದು ರೋಮಾಪುರದಲ್ಲಿ ೧೩೩ ಮಂದಿ ಕಾರ್ಡಿನಲರು ಕೂಡಿ ಹೊಸ ಪೋಪರನ್ನು ಆರಿಸಿದರು. ಅವರು ೧೪ನೆಯ ಲಿಯೋ ಎಂಬ ಹೆಸರನ್ನು ತಳೆದರು. ಬಾಗಿಲಿಕ್ಕಿದ ಮಂದಿರದ ಚಿಮಣಿಯಿಂದ ಬಿಳಿಯ ಹೊಗೆ ಎದ್ದುದನ್ನು ಕಂಡು ಹೊರಗಿನ ಚೌಕದಲ್ಲಿ ನೆರೆದಿದ್ದ ಅಸಂಖ್ಯ ಜನರು ಜಯಘೋಷ ಮಾಡಿದರು. ಯಾರು ಆರಿಸಲ್ಪಟ್ಟರೆಂಬುದು ಆ ಹೊತ್ತಿಗೆ ಅವರಿಗೆ ತಿಳಿದಿರಲಿಲ್ಲ ಎಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಹೆಸರು ತಿಳಿಯುವ ಮೊದಲೇ ಹರ್ಷ. ವ್ಯಕ್ತಿಗಿಂತ ಮೊದಲು ಪೀಠಕ್ಕೆ ಸಂದ ಜಯಕಾರವದು.

ಇಂತಹ ಸಂದರ್ಭಗಳಲ್ಲಿ ರೋಮಿನದು ಚುನಾವಣೆ, ಕನ್ನಡನಾಡಿನ ಮಠಗಳದು ಬರಿಯ ಗುರುವಿನ ಇಚ್ಛೆ, ಆದುದರಿಂದ ಅಲ್ಲಿ ಜನಸಮ್ಮತಿಗೆ ಎಡೆಯುಂಟು, ಇಲ್ಲಿ ಇಲ್ಲ ಎಂದು ಭೇದವನ್ನು ಕಲ್ಪಿಸುವುದು ವಾಡಿಕೆಯಾಗಿದೆ. ಮೇಲುನೋಟಕ್ಕೆ ಈ ಮಾತು ಒಪ್ಪತಕ್ಕದ್ದೆಂದು ತೋರುತ್ತದೆ. ಆದರೆ ಎರಡು ಕಡೆಯ ಪ್ರಮಾಣಗಳನ್ನೂ ಎದುರುಬದುರಿಗೆ ಇಟ್ಟು ನೋಡಿದರೆ ಅದು ನಿಲ್ಲುವುದಿಲ್ಲ.

ಮೊದಲು ರೋಮಿನ ಸಂಗತಿ. ಕ್ರೈಸ್ತಮತದ ಆದಿಕಾಲದಲ್ಲಿ ಆ ನಗರದ ಬಿಷಪನನ್ನು ಅಲ್ಲಿಯ ಪಾದ್ರಿಗಳೂ ಜನರೂ ಕೂಡಿಯೇ ನಿಶ್ಚಯಿಸುತ್ತಿದ್ದರು. ಕ್ರಿ. ಶ. ೨೩೬ರಲ್ಲಿ ಅಂತಹ ಕೂಟದಲ್ಲಿ ಫೇಬಿಯನ್ ಎಂಬವನ ತಲೆಯ ಮೇಲೆ ಪಾರಿವಾಳವೊಂದು ಬಂದು ಕುಳಿತಿತೆಂದೂ, ಅದನ್ನು ಕಂಡ ಜನರೆಲ್ಲರೂ ಇವನೇ ಯೋಗ್ಯನೆಂದು ಒಕ್ಕೊರಲಿನಿಂದ ಕೂಗಿದರೆಂದೂ ಪ್ರಾಚೀನ ಇತಿಹಾಸಕಾರನಾದ ಯುಸೇಬಿಯಸನು ಬರೆದಿರುವನು. ಅರಸನಿಲ್ಲದ ರಾಜ್ಯದಲ್ಲಿ ಪಟ್ಟದಾನೆಯು ಮಾಲೆಯನ್ನು ಯಾರ ಕೊರಳಿಗೆ ಹಾಕುವುದೋ ಅವನನ್ನು ದೊರೆಯೆಂದು ಒಪ್ಪಿಕೊಳ್ಳುವ ಕಥೆಗಳೂ, ಜೈನ ಕಥಾಸಾಹಿತ್ಯದ ಪಂಚದಿವ್ಯಗಳ ಪ್ರಸಂಗಗಳೂ ಇದನ್ನು ಓದುವಾಗ ನೆನಪಿಗೆ ಬಾರದಿರವು. ಎರಡರಲ್ಲಿಯೂ ಆನೆಯೋ ಹಕ್ಕಿಯೋ ನೆಪಮಾತ್ರ. ಅದರ ಬೆನ್ನಿಗೆ ಏಳುವ ಜನರ ಕೂಗೇ ಪ್ರಧಾನ.

ಎಲ್ಲರಿಗೂ ಮುಂದಾಳಾಗತಕ್ಕವನು ಎಲ್ಲರಿಂದಲೂ ಆರಿಸಲ್ಪಡಬೇಕೆಂಬ ಅಭಿಪ್ರಾಯವನ್ನು ೫ನೆಯ ಶತಮಾನದ ೧ನೆಯ ಲಿಯೋ ಪೋಪನು ತನ್ನ ಪತ್ರವೊಂದರಲ್ಲಿ ಸ್ಪಷ್ಟವಾಗಿ ತಿಳಿಸಿರುವನು. ಈಗಿನ ಪೋಪರು ಅದೇ ಹೆಸರಿನ ಹದಿನಾಲ್ಕನೆಯವರು. ಆದರೆ ನಡುವಣ ಶತಮಾನಗಳಲ್ಲಿ ಆ ‘ಎಲ್ಲರು’ ಕುಗ್ಗುತ್ತ ಕುಗ್ಗುತ್ತ ಒಂದು ಕೋಣೆಯಲ್ಲಿ ಹಿಡಿಸುವಷ್ಟಾದರು. ಹೀಗಾಗಲು ಕಾರಣವಿಲ್ಲದೆ ಇಲ್ಲ. ಕ್ರಿ. ಶ. ೩೬೬ರಲ್ಲಿ ಡಮಾಸಸ್ ಮತ್ತು ಉರ್ಸಿನಸ್ ಎಂಬ ಇಬ್ಬರ ಪಕ್ಷದವರು ಹೊಡೆದಾಡಿ, ಒಂದೇ ದಿನದಲ್ಲಿ ಒಂದೇ ದೇವಾಲಯದಲ್ಲಿ ೧೩೭ ಹೆಣಗಳು ಬಿದ್ದುವೆಂದು ಕ್ರೈಸ್ತನಲ್ಲದ ಸಮಕಾಲೀನ ಲೇಖಕನಾದ ಅಮ್ಮಿಯಾನಸನು ಹೇಳುತ್ತಾನೆ. ಮುಂದೆ ರೋಮಿನ ಶ್ರೀಮಂತ ಮನೆತನಗಳೂ ಜರ್ಮನಿಯ ಚಕ್ರವರ್ತಿಗಳೂ ಪೀಠವನ್ನು ತಮ್ಮ ಕೈಗೊಂಬೆಯಾಗಿಸಿಕೊಂಡರು. ೧೦೫೯ರಲ್ಲಿ ೨ನೆಯ ನಿಕೋಲಸ್ ಪೋಪನು ಆಯ್ಕೆಯ ಮುಖ್ಯಾಧಿಕಾರವನ್ನು ಕಾರ್ಡಿನಲ್ ಬಿಷಪರಿಗೆ ಕೊಟ್ಟು, ಉಳಿದ ಪಾದ್ರಿಗಳಿಗೂ ಜನರಿಗೂ ಅನಂತರ ಸಮ್ಮತಿಸುವುದನ್ನಷ್ಟೇ ಉಳಿಸಿದನು. ೧೧೭೯ರ ಲ್ಯಾಟೆರನ್ ಸಭೆಯು ಮೂರರಲ್ಲಿ ಎರಡು ಪಾಲು ಕಾರ್ಡಿನಲರ ಒಪ್ಪಿಗೆಯೇ ಸಾಕೆಂದು ವಿಧಿಸಿತು. ಅಲ್ಲಿಗೆ ಜನರ ಸಮ್ಮತಿಯು ಶಾಸ್ತ್ರದಿಂದ ಅಳಿಯಿತು.

ಶಾಸ್ತ್ರದಿಂದ ಅಳಿದುದು ಬೀದಿಯಿಂದ ಅಳಿಯಲಿಲ್ಲ. ೧೨೬೮ರಲ್ಲಿ ೪ನೆಯ ಕ್ಲೆಮೆಂಟನು ತೀರಿಕೊಂಡ ಮೇಲೆ ವಿತೆರ್ಬೋ ಎಂಬ ಊರಲ್ಲಿ ಕೂಡಿದ ಕಾರ್ಡಿನಲರು ಮೂರು ವರ್ಷವಾಗುತ್ತ ಬಂದರೂ ಒಮ್ಮತಕ್ಕೆ ಬರಲಿಲ್ಲ. ಬೇಸತ್ತ ಊರವರು ಅವರನ್ನು ಅರಮನೆಯಲ್ಲಿ ಕೂಡಿಹಾಕಿ, ಊಟವನ್ನು ಕಡಿಮೆಮಾಡಿ, ಕೊನೆಗೆ ಮಾಳಿಗೆಯ ಹೊದಿಕೆಯನ್ನೇ ಕಿತ್ತುಹಾಕಿದರು. ೧೨೭೧ರ ಸೆಪ್ಟೆಂಬರಿನಲ್ಲಿ ಆಯ್ಕೆಯಾದವನು ಆ ಕೋಣೆಯಲ್ಲಿ ಇದ್ದವನೂ ಅಲ್ಲ, ಕಾರ್ಡಿನಲನೂ ಅಲ್ಲ. ದೂರದ ಆಕ್ರೆಯಲ್ಲಿದ್ದ ೧೦ನೆಯ ಗ್ರೆಗರಿ. ಆಯ್ಕೆ ಮಾಡುವವರನ್ನು ಕೀಲಿ ಹಾಕಿ ಕೂರಿಸಬೇಕೆಂಬ ನಿಯಮವನ್ನು ೧೨೭೪ರಲ್ಲಿ ಅವನೇ ಶಾಸನವಾಗಿ ಮಾಡಿದನು. ಇಂದು ಪವಿತ್ರವೆಂದು ಎಣಿಸಲ್ಪಡುವ ಈ ಏಕಾಂತವಾಸವು ಹಸಿವಿನಿಂದ ಕಾರ್ಡಿನಲರ ಹಟ ಮುರಿಯಹೊರಟ ಊರ ಜನರ ಉಪಾಯದಿಂದ ಹುಟ್ಟಿದುದೆಂಬುದು ಸ್ವಾರಸ್ಯವಾಗಿದೆ.

ಜನರ ಕೂಗು ಅನರ್ಥವನ್ನೂ ತಂದಿತು. ೧೩೭೮ರಲ್ಲಿ ರೋಮಿನ ಜನರು ತಮ್ಮ ನಗರದವನೇ ಬೇಕು, ತಪ್ಪಿದರೆ ಇತಾಲಿಯವನಾದರೂ ಬೇಕು ಎಂದು ಅರಮನೆಯನ್ನು ಮುತ್ತಿದರು. ಕಾರ್ಡಿನಲರು ಬಾರಿಯ ಆರ್ಚುಬಿಷಪನನ್ನು ಆರಿಸಿಯೂ, ಜನರ ಭಯದಿಂದ ರೋಮಿನ ಮುದಿ ಕಾರ್ಡಿನಲನೊಬ್ಬನನ್ನು ಪೋಪನೆಂದು ತೋರಿಸಿ ಪಾರಾದರು. ಕೆಲವೇ ತಿಂಗಳಲ್ಲಿ ಆ ಆಯ್ಕೆ ಭಯದಿಂದ ಆದುದೆಂದು ಹೇಳಿ ಬೇರೊಬ್ಬನನ್ನು ಆರಿಸಿದರು; ೧೪೧೭ರ ವರೆಗೆ ಯುರೋಪಖಂಡವು ಎರಡು, ಕೆಲವು ಕಾಲ ಮೂರು ಪೀಠಗಳ ನಡುವೆ ಒಡೆದುಹೋಯಿತು. ಇಷ್ಟನ್ನು ನೋಡಿದರೆ, ಇಂದು ಆ ಚೌಕದಲ್ಲಿ ಕೇಳಿಬರುವ ಹರ್ಷಧ್ವನಿಯು ಒಂದು ಕಾಲದ ಮತದ ಹಕ್ಕು ಸವೆದು ಉಳಿದ ಶೇಷವೆಂದು ತಿಳಿಯಬಹುದಾಗಿದೆ.

ಈಗ ಮಲಪ್ರಭೆಯ ಸೀಮೆಗೆ ಬರುವ. ಬಾಗಲಕೋಟೆ ಜಿಲ್ಲೆಯಲ್ಲಿ ಪೋಪರ ಅನುಯಾಯಿಗಳು ಸ್ವಲ್ಪವೇ. ೧೯೫೩ರಲ್ಲಿ ೧೨ನೆಯ ಪಿಯಸ್ ಪೋಪರು ಸ್ಥಾಪಿಸಿದ ಬೆಳಗಾವಿಯ ಧರ್ಮಪ್ರಾಂತಕ್ಕೆ ಈ ಸೀಮೆ ಸೇರಿದೆ. ಇಳಕಲ್ಲಿಗೆ ಪೂರ್ವದಲ್ಲಿರುವ ಮುದಗಲ್ಲಿನಲ್ಲಿ ಗೋವೆಯ ಕಡೆಯ ಪಾದ್ರಿಗಳ ಕಾಲದಿಂದ ಬಂದ ಹಳೆಯ ಕಥೋಲಿಕ ಒಕ್ಕಲುಗಳುಂಟು. ಬಾದಾಮಿಯ ಸಮೀಪದ ಗುಳೇದಗುಡ್ಡದಲ್ಲಿ ೧೮೫೧ರಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ನಿನವರು ಪೋಪರ ಅಧಿಕಾರವನ್ನೇ ಒಪ್ಪದ ಪಂಥದವರು. ಹೀಗೆ ಖಣ ನೇಯುವ ಆ ಊರಿನ ಜನರು ನೆರೆಯಲ್ಲಿ ಕಂಡ ಕ್ರೈಸ್ತಮತವು ಪೋಪರಿಲ್ಲದ ಕ್ರೈಸ್ತಮತ. ಆದುದರಿಂದ ಈ ನಾಡಿನಲ್ಲಿ ಪೀಠಾರೋಹಣಕ್ಕೆ ಜನರು ಹೇಗೆ ಓಗೊಡುತ್ತಾರೆಂಬುದನ್ನು ಅರಿಯಬೇಕಾದರೆ ಇಲ್ಲಿಯ ಮಠಗಳನ್ನೇ ನೋಡಬೇಕು.

ಗುರುಗಳನ್ನು ಹೊರಗಿನಿಂದ ಬರಮಾಡಿಕೊಂಡು ಗೌರವಿಸುವುದು ಇಲ್ಲಿ ಬಹು ಹಿಂದಿನ ಪದ್ಧತಿ. ೨ನೆಯ ಕೀರ್ತಿವರ್ಮನ ಕಾಲದ, ಕ್ರಿ. ಶ. ೭೫೪ರ ಪಟ್ಟದಕಲ್ಲಿನ ಕಂಬದ ಶಾಸನವು ಗಂಗೆಯ ಉತ್ತರತೀರದ ಮೃಗಥಣಿಕಾಹಾರ ವಿಷಯದಿಂದ ಬಂದ ಜ್ಞಾನಶಿವಾಚಾರ್ಯನನ್ನು ಹೆಸರಿಸುತ್ತದೆ. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಬಂದರೆ ಸ್ಥಾನಾಚಾರ್ಯರ ಕಾಲನ್ನು ತೊಳೆದು ಧಾರೆಯೆರೆದು ಭೂಮಿಯನ್ನು ಬಿಟ್ಟ ಸಂಗತಿಯು ಶಾಸನ ಶಾಸನದಲ್ಲಿಯೂ ಬರುತ್ತದೆ. ಇದನ್ನು ಬರಿಯ ಬರೆವಣಿಗೆಯ ರೂಢಿಯೆಂದು ದಾಟಿಹೋಗುವುದು ತಪ್ಪು. ಒಬ್ಬನನ್ನು ಆಚಾರ್ಯನೆಂದು ಒಪ್ಪಿದೆವೆಂಬುದನ್ನು ದೊರೆಯೂ, ನಾಡವರೂ, ಸೆಟ್ಟಿಗಳೂ ಎಲ್ಲರ ಕಣ್ಣೆದುರು ಮಾಡಿ ತೋರಿಸುವ ಕ್ರಿಯೆಯದು. ಐಹೊಳೆಯ ಹೆಸರಿನಿಂದ ದೇಶಾಂತರಗಳಲ್ಲಿ ಪ್ರಸಿದ್ಧರಾದ ಐನೂರ್ವರಂತಹ ವರ್ತಕಸಂಘಗಳು ಬಿಟ್ಟ ಸುಂಕದಾನಗಳೂ ಈ ಒಪ್ಪಿಗೆಯ ಲೆಕ್ಕಕ್ಕೇ ಸೇರತಕ್ಕವು.

ಗುರುವೇ ಶಿಷ್ಯನನ್ನು ಆರಿಸುತ್ತಿದ್ದನೆಂಬುದಕ್ಕೆ ಬಳ್ಳಿಗಾವೆಯ ಕೋಡಿಯಮಠದ ಪರಂಪರೆ ಸ್ಪಷ್ಟವಾದ ನಿದರ್ಶನ. ಅದು ಈ ಸೀಮೆಗೆ ಹೊರಗಾದರೂ ಒಂದು ಕಾರಣಕ್ಕಾಗಿ ಹೇಳಲೇಬೇಕು. ಅಲ್ಲಿಯ ವಿದ್ಯಾಭರಣನೆಂಬ ಆಚಾರ್ಯನು ವಿದ್ಯಾವ್ಯಾಸಂಗವೊಂದನ್ನುಳಿದು ಮಿಕ್ಕುದೆಲ್ಲ ತನಗೆ ಬೇಡವೆಂದು ೧೧೨೯ರ ಹೊತ್ತಿಗೆ ಸ್ಥಾನವನ್ನು ಹಿರಿಯ ಶಿಷ್ಯನಾದ ಗೌತಮನಿಗೆ ಒಪ್ಪಿಸಿದನು. ರೋಮಿನಲ್ಲಿ ೧೨೯೪ರಲ್ಲಿ ೫ನೆಯ ಸೆಲೆಸ್ಟೀನನೂ ೨೦೧೩ರಲ್ಲಿ ೧೬ನೆಯ ಬೆನೆಡಿಕ್ಟರೂ ಪೀಠತ್ಯಾಗ ಮಾಡಿದುದು ಲೋಕಕ್ಕೆಲ್ಲ ಬೆರಗನ್ನುಂಟುಮಾಡಿತು. ಇಲ್ಲಿಯ ಶಾಸನಕವಿಯು ಅದನ್ನು ಬೆರಗಿಲ್ಲದೆ, ಪ್ರಶಂಸೆಯ ಮಾತಾಗಿ ಹಾಡಿರುವನು.

ಹೊಸ ಪೀಠಾಧಿಪತಿಯ ಬಗೆಗೆ ಜನರು ಮುನಿದುದರ ಚಿತ್ರವೂ ಕನ್ನಡದಲ್ಲಿ ಉಂಟು. ಹುನಗುಂದದ ಸೀಮೆಯ ಕೂಡಲಸಂಗಮದಲ್ಲಿ ವಿದ್ಯೆಗಳಿಸಿ, ಅಲ್ಲಿಯೇ ಐಕ್ಯನಾದ ಬಸವಣ್ಣನ ಸುತ್ತ ಬೆಳೆದ ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಶೂನ್ಯಸಿಂಹಾಸನವನ್ನೇರಿದ ಪ್ರಸಂಗವಿದೆ. ಆಗ ಮಹಾಮನೆಯಲ್ಲಿ ಊಟಕ್ಕೆಂದು ಕಾದು ಕುಳಿತ ಜಂಗಮರು ತಮ್ಮನ್ನು ಕಡೆಗಣಿಸಲಾಯಿತೆಂದು ಕೋಪಗೊಳ್ಳುತ್ತಾರೆ. ಇತಿಹಾಸದ ದೃಷ್ಟಿಯಿಂದ ಆ ಗ್ರಂಥವು ಘಟನೆಗಿಂತ ಬಹು ಹಿಂದುಳಿದು ಬಂದುದು. ಆದರೂ ಪೀಠಾರೋಹಣವೆಂದರೆ ಸರ್ವಾನುಮತದ ಮಂಗಳವೆಂದು ಬಣ್ಣಿಸಿ ಬಿಡದೆ, ಹಸಿದವರ ಗೊಣಗಾಟಕ್ಕೂ ಅದರ ಕರ್ತೃಗಳು ಎಡೆಗೊಟ್ಟಿರುವುದು ಅವರ ಲೋಕಾನುಭವಕ್ಕೆ ಸಾಕ್ಷಿ.

ಇನ್ನು ಈಚಿನ ಪದ್ಧತಿ. ವಿರಕ್ತಮಠಗಳಲ್ಲಿ ಹಿರಿಯ ಸ್ವಾಮಿಗಳು ತಮ್ಮ ಕಾಲದಲ್ಲಿಯೇ ವಟುವೊಬ್ಬನನ್ನು ಮರಿಯಾಗಿ ತೆಗೆದುಕೊಂಡು ಮುಂದೆ ಪಟ್ಟಕಟ್ಟುವುದು ರೂಢಿ. ಆದರೆ ಪಟ್ಟವು ದೈವದ ಸಮಕ್ಷಮದಲ್ಲಿ ಆಗಬೇಕು. ಬಾಗಲಕೋಟೆ, ಬಾದಾಮಿ, ಹುನಗುಂದಗಳ ಆಡುಮಾತಿನಲ್ಲಿ ‘ದೈವ’ವೆಂದರೆ ದೇವರೂ ಹೌದು, ನೆರೆದ ಊರ ಹಿರಿಯರ ಕೂಟವೂ ಹೌದು; ‘ದೈವ ಕೂಡಿತು’ ಎಂದರೆ ಗುಡಿಯ ಕಟ್ಟೆಗೆ ಮಂದಿ ಸೇರಿತೆಂದು ಅರ್ಥ. ಅಮರಕೋಶದಲ್ಲಿ ದೈವಶಬ್ದಕ್ಕೆ ಭಾಗ್ಯ, ನಿಯತಿ, ವಿಧಿ ಎಂಬ ಪರ್ಯಾಯಗಳಿವೆಯೇ ಹೊರತು ಜನಕೂಟವೆಂಬ ಅರ್ಥವಿಲ್ಲ. ಸಂಸ್ಕೃತದ ಪದಕ್ಕೆ ಈ ಅರ್ಥವನ್ನು ಕೊಟ್ಟವರು ಇಲ್ಲಿಯ ಒಕ್ಕಲುಮಕ್ಕಳು. ಆ ದೈವವು ಮತ ಹಾಕುವುದಿಲ್ಲ, ಹೆಸರು ಸೂಚಿಸುವ ಅಧಿಕಾರವನ್ನೂ ಸದಾ ಕೇಳುವುದಿಲ್ಲ. ಅದರ ಬಲವಿರುವುದು ಪಟ್ಟವಾದ ಮರುದಿನದಿಂದ. ಮನೆಗೆ ಬಿಜಯಮಾಡಿಸಿ ಪಾದಪೂಜೆ ಮಾಡುವುದು, ಜಾತ್ರೆಯಲ್ಲಿ ಪಲ್ಲಕ್ಕಿಗೆ ಹೆಗಲುಕೊಡುವುದು, ಸುಗ್ಗಿಯಲ್ಲಿ ಜೋಳದ ಚೀಲವನ್ನು ಮಠಕ್ಕೆ ಮುಟ್ಟಿಸುವುದು, ಇವು ನಡೆದರೆ ಸ್ವಾಮಿಗಳು ಸ್ವಾಮಿಗಳು. ನಡೆಯದಿದ್ದರೆ ಗದ್ದುಗೆಯ ಮುಂದೆ ದೀಪ ಉರಿದರೂ ಅಡಿಗೆಮನೆಯಲ್ಲಿ ಒಲೆ ಉರಿಯುವುದಿಲ್ಲ. ರೋಮಿನ ಚೌಕದ ಸಮ್ಮತಿ ಒಂದು ಸಂಜೆಯದು. ಇಲ್ಲಿಯದು ವರ್ಷ ವರ್ಷವೂ ಹೊಸದಾಗಿ ಕೊಡತಕ್ಕದ್ದು.

ಈ ಸಮ್ಮತಿಯನ್ನು ಅತಿಯಾಗಿ ಹೊಗಳುವುದೂ ಸಲ್ಲದು. ದೈವವೆನಿಸಿಕೊಂಡ ಕೂಟದಲ್ಲಿ ಹೆಚ್ಚಾಗಿ ಇದ್ದವರು ಗೌಡರು, ದೇಸಾಯರು, ಸೆಟ್ಟರು. ಹೆಂಗಸರ ಮಾತಿಗೂ ಊರ ಹೊರಗೆ ಇರಿಸಲ್ಪಟ್ಟವರ ಮಾತಿಗೂ ಅಲ್ಲಿ ಎಡೆಯಿರಲಿಲ್ಲ. ದೈವ ಒಡೆದಾಗ ವ್ಯಾಜ್ಯಗಳು ನ್ಯಾಯಾಲಯಕ್ಕೆ ಹೋದುವು. ಮಹಂತಿಕೆಯ ಉತ್ತರಾಧಿಕಾರಕ್ಕೆ ಆಯಾ ಮಠದ ರೂಢಿಯೇ ಪ್ರಮಾಣವೆಂದು ಪ್ರಿವಿ ಕೌನ್ಸಿಲು ೧೮೬೭ರಲ್ಲಿ ತೀರ್ಮಾನಿಸಿದ ಮೇಲೆ, ರೂಢಿ ಯಾವುದೆಂದು ಸಾಬೀತುಮಾಡಲು ಎರಡು ಪಕ್ಷದವರೂ ಸಾಕ್ಷಿಗಳನ್ನು ಕಟ್ಟಿಕೊಂಡು ತಿರುಗುವುದು ದೇಶದ ಹಲವೆಡೆ ಕಂಡುಬಂದಿತು.

ಹಾನಗಲ್ಲ ಕುಮಾರಸ್ವಾಮಿಗಳು ೧೯೦೯ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದುದರ ಮಹತ್ವವನ್ನು ಈ ಹಿನ್ನೆಲೆಯಲ್ಲಿ ಅರಿಯಬೇಕು. ವಟುಗಳಿಗೆ ಸಂಸ್ಕೃತ, ಶಾಸ್ತ್ರ, ಯೋಗ, ಸಂಗೀತಗಳನ್ನು ಕಲಿಸಿ ಮಠಗಳಿಗೆ ಯೋಗ್ಯರಾದ ಅಧಿಕಾರಿಗಳನ್ನು ಸಿದ್ಧಗೊಳಿಸುವುದು ಅದರ ಉದ್ದೇಶ. ಯಾರು ಆರಿಸಬೇಕೆಂಬ ಜಗಳವನ್ನು ಅವರು ಕೈಗೆತ್ತಿಕೊಳ್ಳಲಿಲ್ಲ. ಆರಿಸತಕ್ಕವರು ಎಂತಹವರಿರಬೇಕೆಂಬುದನ್ನು ಹಿಡಿದರು. ರೋಮಿನಲ್ಲಿ ಸಾವಿರ ವರ್ಷಗಳ ಸುಧಾರಣೆಯೆಲ್ಲ ಆಯ್ಕೆಯ ವಿಧಾನವನ್ನು ಕುರಿತುದು. ಇಲ್ಲಿ ಸುಧಾರಣೆಯು ಆಯ್ಕೆಗೆ ಹದಿನೈದಿಪ್ಪತ್ತು ವರ್ಷ ಮೊದಲೇ, ಹುಡುಗನು ಅಕ್ಷರ ಕಲಿಯುವಾಗಲೇ ತೊಡಗುತ್ತದೆ. ೧೯೩೦ರಲ್ಲಿ ಸ್ವಾಮಿಗಳು ಲಿಂಗೈಕ್ಯರಾದ ಮೇಲೆಯೂ ಅಲ್ಲಿ ಕಲಿತವರು ಕನ್ನಡನಾಡಿನ ಅನೇಕ ಮಠಗಳ ಗದ್ದುಗೆಯನ್ನೇರಿದರು.

ಪೀಠ ಮತ್ತು ಜನ ಇವುಗಳ ನಡುವಣ ಕೊಡುಕೊಳೆಯನ್ನು ಇಳಕಲ್ಲು ಬೇರೊಂದು ಬಗೆಯಲ್ಲಿ ತೋರಿಸಿತು. ಅಲ್ಲಿಯ ಚಿತ್ತರಗಿ ವಿಜಯಮಹಾಂತೇಶ್ವರ ಮಠದ ಮಹಾಂತಸ್ವಾಮಿಗಳು ೧೯೭೫ರಲ್ಲಿ ಜೋಳಿಗೆ ಹಿಡಿದು ಮನೆಮನೆಯ ಮುಂದೆ ನಿಂತರು. ಕೇಳಿದುದು ಕಾಣಿಕೆಯನ್ನಲ್ಲ, ಕಾಳನ್ನಲ್ಲ. ಸೆರೆ, ತಂಬಾಕು ಮೊದಲಾದ ದುಶ್ಚಟಗಳನ್ನು ಆ ಜೋಳಿಗೆಗೆ ಹಾಕಿಬಿಡಿರೆಂದು. ಮಠಕ್ಕೆ ಒಳ್ಳೆಯದನ್ನು ಕೊಡುವುದೇ ಸಮ್ಮತಿಯ ಗುರುತಾಗಿದ್ದ ನಾಡಿನಲ್ಲಿ ಕೆಟ್ಟುದನ್ನು ಕೊಡಿರೆಂದು ಕೇಳಿದುದು ಹೊಸತು. ಪಾದಪೂಜೆಗೆ ಖರ್ಚು ಮಾಡಲಾರದ ಕೂಲಿಯವನಿಗೂ, ದೈವದ ಕೂಟದಲ್ಲಿ ಕುಳಿತುಕೊಳ್ಳಲು ಎಡೆಯಿಲ್ಲದ ಹೆಂಗಸಿಗೂ ಆ ಜೋಳಿಗೆಯ ಮುಂದೆ ನಿಲ್ಲಲು ಅಡ್ಡಿಯಿರಲಿಲ್ಲ. ಕುಡುಕನ ಹೆಂಡತಿಗೆ ಅದರಲ್ಲಿ ಎಲ್ಲರಿಗಿಂತ ಹೆಚ್ಚಿನ ಆಸ್ಥೆಯಿದ್ದಿರಬೇಕೆಂದು ಊಹಿಸುವುದು ಕಷ್ಟವಲ್ಲ. ಮಹಾಂತಸ್ವಾಮಿಗಳು ೨೦೧೮ರ ಮೇ ತಿಂಗಳಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ ೧ನೆಯ ದಿನವನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವೆಂದು ಗೊತ್ತುಮಾಡಿದೆ.

೨೦೧೩ರ ಮಾರ್ಚ್ ೧೩ರ ಸಂಜೆ, ಆಗತಾನೆ ಆರಿಸಲ್ಪಟ್ಟ ಫ್ರಾನ್ಸಿಸ್ ಪೋಪರು ಮೊಗಸಾಲೆಗೆ ಬಂದು, ಜನರನ್ನು ಹರಸುವ ಮೊದಲು ತಮಗಾಗಿ ಪ್ರಾರ್ಥಿಸಿರೆಂದು ಆ ಜನರನ್ನೇ ಕೇಳಿಕೊಂಡು ತಲೆಬಾಗಿ ನಿಂತರು. ಗದ್ದಲವಿದ್ದ ಚೌಕವು ಸ್ವಲ್ಪ ಹೊತ್ತು ನಿಶ್ಶಬ್ದವಾಯಿತು. ೧೦೫೯ರಲ್ಲಿ ಜನರಿಗೆ ಉಳಿಸಿದ್ದ ಸಮ್ಮತಿಯನ್ನು ಅವರು ಶಾಸ್ತ್ರದಲ್ಲಿ ಮರಳಿ ಬರೆಯಲಿಲ್ಲ. ಆ ಕೆಲವು ಕ್ಷಣಗಳಲ್ಲಿ ಅದನ್ನು ಕೇಳಿ ಪಡೆದರು.