ಟೇಪಿಲ್ಲದ ಕ್ಯಾಸೆಟ್

1990ರ ದಶಕದ ಕಾರೊಂದರ ಚಾಲಕನ ಮುಂದಿರುವ ಫಲಕವನ್ನು ಗಮನಿಸಿದ್ದೀರಾ? ಅಲ್ಲಿ ಒಂದು ರೇಡಿಯೊ, ಕ್ಯಾಸೆಟ್ ತೂರಿಸಲು ಒಂದು ಬಾಯಿ, ಕೆಲವು ಗುಂಡಿಗಳು ಇರುತ್ತವೆ. ಒಳಗಿನ ವರ್ಧಕ ಸುಸ್ಥಿತಿಯಲ್ಲಿದೆ. ಬಾಗಿಲುಗಳಲ್ಲಿ ಕೂರಿಸಿದ ಸ್ಪೀಕರುಗಳೂ ಚೆನ್ನಾಗಿ ನುಡಿಯುತ್ತವೆ. ಆದರೆ ನಿಮ್ಮ ಜೇಬಿನ ಮೊಬೈಲ್ ಫೋನಿನಲ್ಲಿರುವ ಹಾಡು ಆ ವರ್ಧಕವನ್ನು ತಲಪಲು ದಾರಿಯೇ ಇಲ್ಲ. ಒಂದು ಸಣ್ಣ ಕಿಂಡಿ ಇಲ್ಲವೆಂಬ ಕಾರಣಕ್ಕೆ, ಕೆಲಸ ಮಾಡುತ್ತಿರುವ ಯಂತ್ರವೊಂದು ಗುಜರಿ ಸೇರಬೇಕೆ?

ಈ ಪ್ರಶ್ನೆ ಮೊಬೈಲ್ ಫೋನಿಗಿಂತ ಹಳೆಯದು. ಅಮೆರಿಕದ ಷಿಕಾಗೋದಲ್ಲಿ ಗ್ಯಾಲ್ವಿನ್ ಸೋದರರ ಕಂಪನಿಯು 1930ರಲ್ಲಿ 'ಮೋಟೊರೋಲ' ಎಂಬ ಹೆಸರಿನ ಕಾರು ರೇಡಿಯೊ ತಯಾರಿಸಿದಾಗ ಕಾರಿನೊಳಗೆ ಶಬ್ದದ ಮೂಲ ಅದೊಂದೇ ಆಗಿತ್ತು. ಹೊರಗಿನಿಂದ ಇನ್ನಾವುದೋ ಸಂಕೇತ ಬರಬಹುದೆಂದು ಯಾರೂ ಯೋಚಿಸಬೇಕಿರಲಿಲ್ಲ. 1960ರ ದಶಕದ ಮಧ್ಯದಲ್ಲಿ ಎಂಟು ಪಥಗಳ ಟೇಪು ಅಮೆರಿಕದ ಕಾರುಗಳಿಗೆ ಬಂತು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಪುಟ್ಟ ಕ್ಯಾಸೆಟ್ ಮುಂದೆ ಅದನ್ನು ಹಿಂದೆ ಹಾಕಿತು. ಪ್ರತಿ ಸಲವೂ ಆಯಾ ಕಾಲದ ಮಾಧ್ಯಮಕ್ಕೆ ಮಾತ್ರ ಬಾಗಿಲು ತೆರೆಯುತ್ತಿತ್ತು. 1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದು, 1984ರಲ್ಲಿ ಕೈಯಲ್ಲಿ ಒಯ್ಯಬಹುದಾದ ಸಿ.ಡಿ. ಪ್ಲೇಯರನ್ನು ಸೋನಿ ಕಂಪನಿ ತಯಾರಿಸಿದಾಗ ತೊಡಕು ಎದ್ದು ಕಂಡಿತು. ಹಾಡು ಕೈಯಲ್ಲಿದೆ, ಸ್ಪೀಕರು ಕಾರಿನಲ್ಲಿದೆ, ನಡುವೆ ಕ್ಯಾಸೆಟ್ಟಿನ ಬಾಯಿ ಮಾತ್ರ.

ಇದಕ್ಕೆ 1980ರ ದಶಕದಲ್ಲಿ ದೊರೆತ ಪರಿಹಾರವೇ ಕ್ಯಾಸೆಟ್ ಅಡಾಪ್ಟರ್. ಅಮೆರಿಕದ ಎಂಜಿನಿಯರ್ ಲ್ಯಾರಿ ಷಾಟ್ಸ್ ಇದರ ಉಪಜ್ಞೆಕಾರ. ನೋಡಲು ಇದು ಕ್ಯಾಸೆಟ್ಟೇ. ಆದರೆ ಒಳಗೆ ಟೇಪಿಲ್ಲ. ಒಂದು ಅಂಚಿನಿಂದ ತಂತಿಯೊಂದು ಹೊರಬಂದಿರುತ್ತದೆ. ಅದರ ತುದಿಯನ್ನು ಸಿ.ಡಿ. ಪ್ಲೇಯರಿಗೋ ಫೋನಿಗೋ ಚುಚ್ಚಿದರೆ ಹಾಡು ಕೇಳಿಸುತ್ತದೆ. ಹೇಗೆ?

ಮೊದಲು ನಿಜವಾದ ಕ್ಯಾಸೆಟ್ಟಿನ ವಿಚಾರ. ಟೇಪಿನ ಮೇಲೆ ಹಾಡು ಕಾಂತೀಯ ಗುರುತುಗಳ ರೂಪದಲ್ಲಿ ಇರುತ್ತದೆ. ಟೇಪು ಸೆಕೆಂಡಿಗೆ 4.76 ಸೆಂ.ಮೀ. ವೇಗದಲ್ಲಿ 'ಹೆಡ್' ಎಂಬ ಭಾಗದ ಮುಂದೆ ಸರಿಯುತ್ತದೆ. ಹೆಡ್ ಎಂದರೆ ಬಹು ಕಿರಿದಾದ ಸೀಳುಳ್ಳ ಕಾಂತೀಯ ತಿರುಳು ಮತ್ತು ಅದಕ್ಕೆ ಸುತ್ತಿದ ತಂತಿಯ ಸುರುಳಿ. ಗುರುತುಗಳು ಸೀಳಿನ ಮುಂದೆ ಹಾದಂತೆ ತಿರುಳಿನಲ್ಲಿ ಕಾಂತಕ್ಷೇತ್ರ ಬದಲಾಗುತ್ತದೆ, ಸುರುಳಿಯಲ್ಲಿ ವೋಲ್ಟೇಜ್ ಪ್ರೇರಣೆಯಾಗುತ್ತದೆ. ಟೇಪು ನಿಂತರೆ ಗುರುತುಗಳು ಅಲ್ಲೇ ಇದ್ದರೂ ಶಬ್ದವಿಲ್ಲ. ಏಕೆಂದರೆ ಹೆಡ್ಡಿಗೆ ತಿಳಿಯುವುದು ಕಾಂತಕ್ಷೇತ್ರವಲ್ಲ, ಕಾಂತಕ್ಷೇತ್ರದ ಬದಲಾವಣೆ.

ಹಾಗಾದರೆ ಆ ಬದಲಾವಣೆ ಓಡುವ ಟೇಪಿನಿಂದಲೇ ಬರಬೇಕೆಂದೇನೂ ಇಲ್ಲವಲ್ಲ! ಅಡಾಪ್ಟರಿನಲ್ಲಿ ಇನ್ನೊಂದು ಹೆಡ್ ಇದ್ದು, ಅದು ಕಾರಿನ ಹೆಡ್ಡಿಗೆ ಮುಖಾಮುಖಿಯಾಗಿ ಕೂರುತ್ತದೆ. ಫೋನಿನಿಂದ ಬಂದ ವಿದ್ಯುತ್ ಪ್ರವಾಹ ಅದರ ಸುರುಳಿಯಲ್ಲಿ ಏರಿಳಿದಂತೆ ಕಾಂತಕ್ಷೇತ್ರವೂ ಏರಿಳಿಯುತ್ತದೆ. ಎದುರಿನ ಹೆಡ್ ಅದನ್ನು ಟೇಪೆಂದೇ ಬಗೆಯುತ್ತದೆ. ಮೈಕೆಲ್ ಫ್ಯಾರಡೆ 1831ರ ಆಗಸ್ಟ್ 29ರಂದು ಮಾಡಿದ ಪ್ರಯೋಗ ನಿಮಗೆ ನೆನಪಿರಬೇಕು. ಒಂದೇ ಕಬ್ಬಿಣದ ಬಳೆಗೆ ಎರಡು ಸುರುಳಿಗಳನ್ನು ಸುತ್ತಿ, ಒಂದಕ್ಕೆ ಬ್ಯಾಟರಿ ಜೋಡಿಸಿದಾಗ ಮತ್ತು ಕಳಚಿದಾಗ ಮಾತ್ರ ಇನ್ನೊಂದರ ಬಳಿಯ ಕಾಂತಸೂಜಿ ಅಲುಗಿತ್ತು. ಕ್ಯಾಸೆಟ್ ಅಡಾಪ್ಟರ್ ಎಂಬುದು ಫ್ಯಾರಡೆಯ ಅದೇ ಬಳೆಯನ್ನು ಎರಡು ಹೋಳು ಮಾಡಿ, ಒಂದನ್ನು ಕಾರಿನಲ್ಲೂ ಇನ್ನೊಂದನ್ನು ಕ್ಯಾಸೆಟ್ಟಿನಲ್ಲೂ ಇಟ್ಟಂತೆ. ಟ್ರಾನ್ಸ್‌ಫಾರ್ಮರ್ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚದು.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಪ್ರೇರಿತ ವೋಲ್ಟೇಜ್ ಬದಲಾವಣೆಯ ದರವನ್ನು ಅವಲಂಬಿಸುವುದರಿಂದ, ಸಮಾನ ಬಲದ ಕಾಂತಕ್ಷೇತ್ರವಿದ್ದರೂ 1000 ಹರ್ಟ್ಸ್‌ನ ಸ್ವರ 100 ಹರ್ಟ್ಸ್‌ನ ಸ್ವರಕ್ಕಿಂತ ಹತ್ತು ಪಟ್ಟು ಹೆಚ್ಚು ವೋಲ್ಟೇಜ್ ಉಂಟುಮಾಡುತ್ತದೆ. ಇದನ್ನು ಸರಿದೂಗಿಸಲು ಕ್ಯಾಸೆಟ್ ಪ್ಲೇಯರಿನೊಳಗಿನ ಮಂಡಲ ಮಂದ್ರ ಸ್ವರಗಳನ್ನು ಎತ್ತಿ ಹಿಡಿಯುತ್ತದೆ. ಅಡಾಪ್ಟರಿನ ಸಂಕೇತವೂ ಕಾಂತಕ್ಷೇತ್ರದ ದಾರಿಯಲ್ಲೇ ಬರುವುದರಿಂದ ಆ ತಿದ್ದುಪಡಿ ಅದಕ್ಕೂ ಪುಕ್ಕಟೆಯಾಗಿ ದೊರೆಯುತ್ತದೆ.

ಟೇಪಿಲ್ಲದ ಮೇಲೆ ಅಡಾಪ್ಟರಿನಲ್ಲಿ ಹಲ್ಲುಚಕ್ರಗಳೇಕೆ? ಅನೇಕ ಕಾರು ಪ್ಲೇಯರುಗಳು ಕ್ಯಾಸೆಟ್ಟಿನ ಚಕ್ರ ತಿರುಗುತ್ತಿದೆಯೇ ಎಂದು ಸದಾ ಪರೀಕ್ಷಿಸುತ್ತವೆ. ತಿರುಗದಿದ್ದರೆ ಟೇಪು ಮುಗಿಯಿತೆಂದು ತಿಳಿದು ಮಗ್ಗುಲು ಬದಲಿಸುತ್ತವೆ, ಇಲ್ಲವೇ ಕ್ಯಾಸೆಟ್ಟನ್ನು ಹೊರಗೆ ತಳ್ಳುತ್ತವೆ. ಅವುಗಳನ್ನು ನಂಬಿಸಲು ಈ ಚಕ್ರಗಳು ಸುಮ್ಮನೆ ತಿರುಗಬೇಕು. ಅಡಾಪ್ಟರ್ ಬಳಸಿದವರಿಗೆ ಹಾಡಿನ ಹಿಂದಿನ ಆ ಗರಗರ ಸದ್ದು ಗೊತ್ತು.

ನಿಮ್ಮ ಶಾಲೆಯ ಬೀರುವಿನಲ್ಲಿ ಹಳೆಯ ಟೇಪ್‌ರೆಕಾರ್ಡರ್ ಉಳಿದಿದ್ದರೆ ಇದನ್ನು ಮಾಡಿ ತೋರಿಸಬಹುದು. ಕಬ್ಬಿಣದ ಮೊಳೆಗೆ ಎನಾಮಲ್ ಲೇಪದ ತೆಳು ತಾಮ್ರದ ತಂತಿಯನ್ನು ಇನ್ನೂರು ಮುನ್ನೂರು ಸುತ್ತು ಸುತ್ತಿ. 33 ಓಮ್ ರೋಧಕವನ್ನು ಸರಣಿಯಲ್ಲಿ ಸೇರಿಸಿ, ಸಣ್ಣ ರೇಡಿಯೊ ಒಂದರ ಇಯರ್‌ಫೋನ್ ಕಿಂಡಿಗೆ ಜೋಡಿಸಿ. ಟೇಪ್‌ರೆಕಾರ್ಡರಿನಲ್ಲಿ ಕ್ಯಾಸೆಟ್ ಇಡದೆ 'ಪ್ಲೇ' ಒತ್ತಿ, ಮೊಳೆಯ ತುದಿಯನ್ನು ಹೆಡ್ಡಿನ ಬಳಿ ತನ್ನಿ, ತಾಗಿಸಬೇಡಿ. ರೇಡಿಯೊದ ಮಾತು ಟೇಪ್‌ರೆಕಾರ್ಡರಿನಲ್ಲಿ ಕೇಳಿಸುವುದು.

ಕ್ಯಾಸೆಟ್ಟಿನ ಬಾಯಿಯೂ ಇಲ್ಲದ ಕಾರುಗಳಲ್ಲಿ ಉಳಿದ ಬಾಗಿಲು ರೇಡಿಯೊದ ಆಂಟೆನಾ. ಪುಟ್ಟ ಎಫ್.ಎಂ. ಪ್ರೇಷಕವೊಂದು ಫೋನಿನ ಹಾಡನ್ನು ಖಾಲಿ ಇರುವ ಆವೃತ್ತಿಯೊಂದರಲ್ಲಿ ಬಿತ್ತರಿಸುತ್ತದೆ; ಕಾರಿನ ರೇಡಿಯೊ ಅದನ್ನು ಬಾನುಲಿ ಕೇಂದ್ರವೆಂದು ತಿಳಿದು ಹಿಡಿಯುತ್ತದೆ. ಆದರೆ ರೇಡಿಯೊವನ್ನು ನಂಬಿಸಿದಷ್ಟು ಸುಲಭವಾಗಿ ಕಾನೂನನ್ನು ನಂಬಿಸಲಾಗದು. ಅದರ ಕಣ್ಣಿನಲ್ಲಿ ಪ್ರೇಷಕ ಎಷ್ಟೇ ಚಿಕ್ಕದಾದರೂ ಪ್ರೇಷಕವೇ. ಬ್ರಿಟನ್ನಿನಲ್ಲಿ ಪರವಾನಗಿಯಿಲ್ಲದೆ ಇವುಗಳನ್ನು ಬಳಸುವುದು 1949ರ ಕಾಯಿದೆಯ ಪ್ರಕಾರ ಅಪರಾಧವಾಗಿತ್ತು. 2006ರ ಡಿಸೆಂಬರಿನಲ್ಲಿ ಅಲ್ಲಿ ಅನುಮತಿ ದೊರೆತಾಗ ವಿಧಿಸಿದ ಮಿತಿ 50 ನ್ಯಾನೋವಾಟ್, ಅಂದರೆ ಒಂದು ವಾಟಿನ ಎರಡು ಕೋಟಿಯಲ್ಲಿ ಒಂದು ಪಾಲು! ಒಂದೇ ಆವೃತ್ತಿಯಲ್ಲಿ ಎರಡು ಸಂಕೇತಗಳಿದ್ದರೆ ಎಫ್.ಎಂ. ಗ್ರಾಹಕ ಪ್ರಬಲವಾದುದನ್ನೇ ಹಿಡಿಯುತ್ತದೆ. ಆದ್ದರಿಂದ ದೂರದ ಕೇಂದ್ರವನ್ನು ಮಾರುದೂರದ ಈ ಪುಟಾಣಿ ಸೋಲಿಸಬಲ್ಲದು, ಹತ್ತಿರದ ಕೇಂದ್ರವನ್ನಲ್ಲ. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ಆರಂಭವಾದದ್ದು ಬೆಂಗಳೂರಿನಲ್ಲಿ. ಮುಂದೆ ಕೇಂದ್ರಗಳು ಹೆಚ್ಚಿದಂತೆ 88ರಿಂದ 108 ಮೆಗಾಹರ್ಟ್ಸ್ ನಡುವೆ ಖಾಲಿ ಜಾಗ ಹುಡುಕುವುದು ಕಷ್ಟವಾಯಿತು. ಒಂದೂರಿನಲ್ಲಿ ಖಾಲಿಯಿದ್ದ ಆವೃತ್ತಿಯಲ್ಲಿ ಮುಂದಿನ ಊರಿನ ಕೇಂದ್ರ ನುಗ್ಗಿ ಬರುವುದೂ ಉಂಟು.

ಮೂರನೆಯ ಬಾಗಿಲು ಸೆಟ್ಟಿನ ಹಿಂಬದಿಯಲ್ಲಿತ್ತು. ಕೆಲವು ಕಾರುಗಳ ಡಿಕ್ಕಿಯಲ್ಲಿ ಆರು ಅಥವಾ ಹತ್ತು ಸಿ.ಡಿ.ಗಳ ಪೆಟ್ಟಿಗೆ ಇಡುವ ಏರ್ಪಾಟಿದ್ದು, ಅದರ ಕೇಬಲ್ಲಿಗೆಂದು ಸೆಟ್ಟಿನ ಹಿಂದೆ ಸಾಕೆಟ್ ಇರುತ್ತಿತ್ತು. ಅಲ್ಲಿಗೆ ಫೋನಿನ ತಂತಿ ಜೋಡಿಸಿದರೆ ಆಯಿತಲ್ಲ ಎನ್ನುವಿರಾ? ಸೆಟ್ಟು ಮೊದಲು ಅಂಕೀಯ ಸಂದೇಶ ಕಳುಹಿಸಿ 'ಪೆಟ್ಟಿಗೆ ಇದೆಯೇ' ಎಂದು ವಿಚಾರಿಸುತ್ತದೆ. ಸರಿಯಾದ ಉತ್ತರ ಬಂದರೆ ಮಾತ್ರ ದಾರಿ ತೆರೆಯುತ್ತದೆ. ಕಂಪನಿಗೊಂದು ಭಾಷೆ. ಆ ಭಾಷೆ ಬಲ್ಲ ಅಡಾಪ್ಟರುಗಳನ್ನು ಕೆಲವರು ಮಾಡಿ ಮಾರಿದರು. ಇನ್ನು ಕೆಲವರು ನಿಜವಾದ ಪೆಟ್ಟಿಗೆಯಲ್ಲಿ ಮೌನವನ್ನಷ್ಟೇ ಮುದ್ರಿಸಿದ ಸಿ.ಡಿ. ಓಡಿಸಿ, ಅದರ ಶಬ್ದದ ತಂತಿಗೆ ತಮ್ಮ ಹಾಡನ್ನು ಬೆಸುಗೆ ಹಾಕಿಕೊಂಡರು! 2004ರಲ್ಲಿ ಆ್ಯಪಲ್ ಮತ್ತು ಬಿ.ಎಂ.ಡಬ್ಲ್ಯು. ಸೇರಿ ಐಪಾಡ್ ಜೋಡಿಸುವ ಅಡಾಪ್ಟರ್ ತಂದಾಗ ಈ ಬಾಗಿಲನ್ನು ಕಾರು ಕಂಪನಿಯೇ ತೆರೆದಂತಾಯಿತು.

ಆಮೇಲೆ ಬಂದ ಕಾರುಗಳಲ್ಲಿ 'ಆಕ್ಸ್' ಎಂಬ 3.5 ಮಿ.ಮೀ. ಕಿಂಡಿ ಸಾಮಾನ್ಯವಾಯಿತು. ಇದರ ಮೂಲ 19ನೆಯ ಶತಮಾನದ ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿದೆ. ಅಲ್ಲಿ ಕರೆಗಳನ್ನು ಜೋಡಿಸುತ್ತಿದ್ದ 6.35 ಮಿ.ಮೀ. ಪ್ಲಗ್ಗಿನ ಕಿರಿಯ ರೂಪವಿದು. ಟೆಲಿಫೋನಿನಿಂದ ಹುಟ್ಟಿದ ಈ ಕಿಂಡಿಯನ್ನು 2016ರಲ್ಲಿ ಐಫೋನ್ 7 ಕೈಬಿಟ್ಟಿತು, ಅನೇಕ ಫೋನುಗಳು ಅದನ್ನೇ ಅನುಸರಿಸಿದವು. ಹಳೆಯ ಸೆಟ್ಟನ್ನೇ ತೆಗೆದು ಹೊಸದನ್ನು ಕೂರಿಸಬಹುದಲ್ಲ ಎಂದರೆ, 180 × 50 ಮಿ.ಮೀ. ಮಾನಕ ಗೂಡು ಇರುವಲ್ಲಿ ಅದು ಸುಲಭ. ಸೆಟ್ಟನ್ನು ಫಲಕದ ಆಕಾರದಲ್ಲೇ ಬೆರೆಸಿಬಿಟ್ಟ ಕಾರುಗಳಲ್ಲಿ ಅದು ದುಬಾರಿ ಕೆಲಸ.

ತಂತಿ ಜೋಡಿಸುವವರಿಗೆ ಎರಡು ಎಚ್ಚರಿಕೆ. ಸೆಟ್ಟನ್ನು ಕಳಚುವ ಮೊದಲು ಅದರ ಗುಪ್ತಸಂಖ್ಯೆ ನಿಮ್ಮ ಬಳಿ ಇರಲಿ. ಬ್ಯಾಟರಿ ಸಂಪರ್ಕ ತಪ್ಪಿದರೆ ಕೆಲವು ಸೆಟ್ಟುಗಳು ಆ ಸಂಖ್ಯೆ ಕೊಡುವವರೆಗೆ ಬಾಯಿ ಬಿಡುವುದಿಲ್ಲ. ಇನ್ನು, ಫೋನನ್ನು ಕಾರಿನಲ್ಲೇ ಚಾರ್ಜ್ ಮಾಡುತ್ತ ತಂತಿಯ ಮೂಲಕ ಹಾಡು ಕೇಳಿದರೆ ಎಂಜಿನ್ ವೇಗದೊಂದಿಗೆ ಏರುವ ಕೀರಲು ಸದ್ದು ಬರಬಹುದು. ಭೂಸಂಪರ್ಕಕ್ಕೆ ಎರಡು ದಾರಿಗಳಾಗಿ, ಆಲ್ಟರ್ನೇಟರಿನ ಏರಿಳಿತ ಹಾಡಿನ ತಂತಿಗೆ ನುಸುಳುವುದೇ ಇದಕ್ಕೆ ಕಾರಣ. ನಡುವೆ ಸಣ್ಣ ಟ್ರಾನ್ಸ್‌ಫಾರ್ಮರ್ ಇಟ್ಟರೆ ತಂತಿಯ ನೇರ ಸಂಪರ್ಕ ತಪ್ಪಿ ಸದ್ದು ಅಡಗುತ್ತದೆ. ಮತ್ತೆ ಫ್ಯಾರಡೆಯ ಬಳೆ!

ಕಾರ್ಖಾನೆಯಲ್ಲೇ ಕ್ಯಾಸೆಟ್ ಪ್ಲೇಯರ್ ಕೂರಿಸಿಕೊಂಡು ಅಮೆರಿಕದಲ್ಲಿ ಮಾರಾಟವಾದ ಕೊನೆಯ ಹೊಸ ಕಾರುಗಳಲ್ಲಿ 2010ರ ಲೆಕ್ಸಸ್ ಮಾದರಿಯೊಂದು ಸೇರಿದೆ. ಆದರೆ ಟೇಪಿಲ್ಲದ ಕ್ಯಾಸೆಟ್ ಇನ್ನೂ ಮಾರಾಟದಲ್ಲಿದೆ. ಈಗ ಅದರಲ್ಲಿ ತಂತಿಯೂ ಇಲ್ಲದ ಬಗೆ ಬಂದಿದೆ. ಫೋನಿನಿಂದ ಬ್ಲೂಟೂತ್ ತರಂಗವಾಗಿ ಬಂದ ಹಾಡನ್ನು ಒಳಗಿನ ಗ್ರಾಹಕ ಹಿಡಿದು ಹೆಡ್ಡಿಗೆ ಕೊಡುತ್ತದೆ. ಪಕ್ಕದಲ್ಲಿ ಹಲ್ಲುಚಕ್ರಗಳು ಎಂದಿನಂತೆ ತಿರುಗುತ್ತಿರುತ್ತವೆ.